ನೇತ್ರಾಣಿಯ ನೀರಿನಲ್ಲಿ ಒಂದು ಹೆಬ್ಬೆರಳು

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನ ಒಂದೂಕಾಲಕ್ಕೆ ಪುಂಜಾಲಕಟ್ಟೆಯಿಂದ ಹೊರಟೆವು, ನಾನು ಮತ್ತು ನನ್ನ ಗಂಡ ಹಮೀದ್. ಇನ್ನು ಮುಂದೆ 'ಇವರು' ಎಂದು ಬರೆದರೆ ಇವರೇ. ನಮ್ಮಲ್ಲಿ ಗಂಡನ ಹೆಸರನ್ನು ಒಂದು ಸಾರಿ ಹೇಳಿದರೆ ಸಾಕು. ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆಯ ಚೀಲ, ಅಕ್ಕಿ ರೊಟ್ಟಿಯ ಡಬ್ಬಿ, ನನ್ನ ಹಳೆಯ ಶಾಲಿನಲ್ಲಿ ಸುತ್ತಿಟ್ಟ, ನೀರೊಳಗೆ ಹಾಕುವ ಎರಡು ಮಾಸ್ಕ್ ಇದ್ದವು. ಪೆಟ್ರೋಲು ಹಾಕಿಸುವಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಸಿಕ್ಕಿದರು. "ಎಲ್ಲಿಗೆ ಟೀಚರೇ, ಮದುವೆಗಾ?" "ಅಲ್ಲ ಮಾರಾಯ್ರೆ, ಸಮುದ್ರಕ್ಕೆ ಹಾರ್ಲಿಕ್ಕೆ," ಎಂದೆ. ಅವರು ಒಮ್ಮೆ ನನ್ನ ಮುಖ, ಒಮ್ಮೆ ಇವರ ಮುಖ ನೋಡಿದರು.

ಹೇಳಿದ್ದು ಸುಳ್ಳೇನೂ ಅಲ್ಲ. ಇವರಿಗೆ ಐವತ್ತನಾಲ್ಕು, ನನಗೆ ನಲವತ್ತೊಂಬತ್ತು. ಮೂಡುಬಿದಿರೆಯಲ್ಲಿ ಫಿಸಿಯೋಥೆರಪಿ ಓದುವ ಮಗಳು, ಅಪ್ಪನ ಬೆನ್ನುನೋವಿಗೆ ಈಜು ಒಳ್ಳೆಯದೆಂದು ಅಲ್ಲಿನ ಈಜುಕೊಳಕ್ಕೆ ಸೇರಿಸಿದಳು. ಒಬ್ಬರೇ ಹೋಗಲು ಇವರಿಗೆ ನಾಚಿಕೆ, ಆದ್ದರಿಂದ ನಾನೂ ಹೆಂಗಸರ ತರಗತಿಗೆ ಸೇರಿದೆ. ಆ ಕೊಳಕ್ಕೆ ಒಂದು ದಿನ ಸಿಲಿಂಡರ್ ಹೊತ್ತು ಡೈವಿಂಗ್ ಕಲಿಸುವವರು ಬಂದರು. ನೋಡಲು ನಿಂತ ನಾವು ಹೆಸರು ಬರೆಸಿಯೇ ಬಿಟ್ಟೆವು. ಕೊಳದ ಪಾಠ, ಪುಸ್ತಕದ ಪಾಠ, ಕೊನೆಗೆ ಕಡಲಿನಲ್ಲಿ ನಾಲ್ಕು ಪರೀಕ್ಷೆಯ ಡೈವ್ ಎಲ್ಲಾ ಆಗಿ, ಕಳೆದ ತಿಂಗಳು ಇಬ್ಬರಿಗೂ ಕಾರ್ಡ್ ಬಂತು. ಪರೀಕ್ಷೆಯ ಹೊತ್ತಿನಲ್ಲಿ ಗುರುಗಳು ನಮ್ಮನ್ನು ಹಿಡಿದುಕೊಂಡೇ ಇರುತ್ತಿದ್ದರು. ಈ ಸಾರಿ ಹಾಗಲ್ಲ, ನಾನು ಇವರನ್ನು ನೋಡಿಕೊಳ್ಳಬೇಕು, ಇವರು ನನ್ನನ್ನು.

ಇದಕ್ಕಿಂತ ದೊಡ್ಡ ವಿಷಯವೊಂದು ಕಾರಿನೊಳಗೆ ನಮ್ಮ ಜೊತೆಗೇ ಕೂತಿತ್ತು. ಇವರು ಇಪ್ಪತ್ತನಾಲ್ಕು ವರ್ಷ ಸೌದಿಯ ದಮ್ಮಾಮಿನ ಒಂದು ಕಂಪನಿಯ ಉಗ್ರಾಣ ನೋಡಿಕೊಂಡಿದ್ದು ಊರಿಗೆ ಬಂದು ಹನ್ನೊಂದು ತಿಂಗಳಾಗಿತ್ತು. ಮೊನ್ನೆ ಅಲ್ಲಿಂದ ನಮ್ಮೂರ ಕಡೆಯ ಲಾಯಿಲದ ಶೆಟ್ಟರು ಫೋನ್ ಮಾಡಿದ್ದರು. ಇವರ ಜೊತೆಯಲ್ಲೇ ಕೆಲಸ ಮಾಡಿದವರು, ಈಗ ಅಲ್ಲಿ ಮ್ಯಾನೇಜರ್. ಇನ್ನು ಮೂರು ವರ್ಷಕ್ಕೆ ವೀಸಾ ಕೊಡುತ್ತಾರೆ, ಸೋಮವಾರದೊಳಗೆ ಉತ್ತರ ಬೇಕು ಎಂದರು. ಇವರು "ಮುರುಡೇಶ್ವರಕ್ಕೆ ಹೋಗಿ ಬಂದು ಹೇಳ್ತೇನೆ" ಎಂದುಬಿಟ್ಟರು. ನನ್ನನ್ನು ಕೇಳಿದಾಗ ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ: "ನಿಮಗೆ ಸರಿ ಕಂಡ ಹಾಗೆ ಮಾಡಿ. ನಾನು ಉಂಟಲ್ಲ ಇಲ್ಲಿ." ಹೇಳಿ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದೆ. ಇವರು ಹೋಗುವುದು ನನಗೆ ಬೇಡವೇ ಬೇಡವಾಗಿತ್ತು.

ಗುರುವಾಯನಕೆರೆ, ವೇಣೂರು, ನಾರಾವಿ ದಾಟಿ ಕಾರ್ಕಳ ಮುಟ್ಟುವಾಗ ಮೂರು ಗಂಟೆ. ಉಡುಪಿಯ ನಂತರ ಹೆದ್ದಾರಿ ನೇರ; ಸಾಸ್ತಾನದಲ್ಲಿ ಒಂದು, ಶಿರೂರಿನಲ್ಲಿ ಒಂದು ಟೋಲ್. ಒಟ್ಟು ದಾರಿ ಸುಮಾರು ನೂರ ತೊಂಬತ್ತು ಕಿಲೋಮೀಟರ್. ಅಷ್ಟು ದೂರವೂ ಇವರು ಸಿಲಿಂಡರಿನ ಗಾಳಿ, ಕಿವಿಯ ಒತ್ತಡ, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟಿನ ತೂಕ ಎಲ್ಲದರ ಬಗ್ಗೆ ಮಾತಾಡಿದರು. ವೀಸಾದ ಬಗ್ಗೆ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಮುರುಡೇಶ್ವರದಲ್ಲಿ ಒಂದೂವರೆ ಸಾವಿರದ ಕೋಣೆ ಹಿಡಿದು, ಬಂಗುಡೆ ಮಸಾಲೆ ಮತ್ತು ಕುಚ್ಚಲಕ್ಕಿ ಅನ್ನ ತಿಂದು ಬೇಗನೆ ಮಲಗಿದೆವು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಬೋಟು ಹೊರಟಿತು. ಬಿಸಿಲು ಇನ್ನೂ ಎಳೆಯದಾಗಿತ್ತು, ಗಾಳಿ ಇರಲಿಲ್ಲ. ನೇತ್ರಾಣಿ ದ್ವೀಪಕ್ಕೆ ಒಂದೂವರೆ ಗಂಟೆಯ ದಾರಿ. ಎರಡು ಡೈವ್, ಸಲಕರಣೆ, ತಿಂಡಿ ಸೇರಿ ಒಬ್ಬರಿಗೆ ಆರೂವರೆ ಸಾವಿರ. ನಮ್ಮನ್ನು ಕರೆದುಕೊಂಡು ಹೋಗುವವಳು ಹೊನ್ನಾವರ ಕಡೆಯ ಸ್ನೇಹಾ, ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ನನ್ನ ತಲೆವಸ್ತ್ರ ನೋಡಿ, ಒಳಗಿನಿಂದ ಡೈವಿಂಗ್ ಉಡುಪಾದ ವೆಟ್‌ಸೂಟಿನದ್ದೇ ಬಟ್ಟೆಯ ಟೊಪ್ಪಿಯೊಂದನ್ನು ತಂದು ಕೊಟ್ಟಳು. ಹಾಕಿಕೊಂಡು ಬಂದ ನನ್ನನ್ನು ನೋಡಿ ಇವರು, "ಕಣ್ಣು ಮೂಗು ಬಿಟ್ಟು ಬೇರೆ ಎಂತ ಕಾಣುದಿಲ್ಲ. ನಿನ್ನನ್ನು ನೀರಲ್ಲಿ ಗುರುತು ಹಿಡಿಯುದು ಹೇಗೆ ಮಾರಾಯ್ತಿ?" ಎಂದರು. "ಇಪ್ಪತ್ತನಾಲ್ಕು ವರ್ಷ ಫೋನಲ್ಲಿ ಹಿಡಿದಿದ್ದೀರಲ್ಲ, ಹಾಗೇ," ಎಂದೆ. (ನಾವಿಬ್ಬರು ಆಡುವುದು ಬ್ಯಾರಿ ಭಾಷೆ. ಕನ್ನಡ ಟೀಚರ್ ಆದ್ದರಿಂದ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ.)

ಸ್ನೇಹಾ ನಿಯಮಗಳನ್ನು ಇನ್ನೊಮ್ಮೆ ಹೇಳಿದಳು. "ನೀವಿಬ್ಬರೂ ಬಡ್ಡಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು."

"ಬಡ್ಡಿ ನಮ್ಮಲ್ಲಿ ಹರಾಮು," ಎಂದರು ಇವರು, ಮುಖದಲ್ಲಿ ನಗುವೇ ಇಲ್ಲದೆ.

ಆ ಹುಡುಗಿ ಒಂದು ಕ್ಷಣ ತಬ್ಬಿಬ್ಬಾದಳು. ಬೋಟಿನ ತಂಡೇಲರು ಚುಕ್ಕಾಣಿ ಹಿಡಿದುಕೊಂಡೇ ಗಹಗಹಿಸಿ ನಕ್ಕರು. ನೀರೊಳಗಿನ ಜೊತೆಗಾರರಿಗೆ ಇಂಗ್ಲಿಷಿನವರು ಅದ್ಯಾಕೆ ಆ ಹೆಸರಿಟ್ಟರೋ, ನಾನು 'ಜೋಡಿ' ಅನ್ನಿ ಎಂದೆ. ಅಲ್ಲಿಂದ ನಾವು ಜೋಡಿಯಾದೆವು.

ಆಮೇಲೆ ಕೈಸನ್ನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರೆ 'ಎಲ್ಲಾ ಸರಿ ಉಂಟು'. ಹೆಬ್ಬೆರಳು ಮೇಲೆ ಮಾಡಿದರೆ 'ಮೇಲೆ ಹೋಗುವ'. ಇಬ್ಬರಲ್ಲಿ ಯಾರು ಹೆಬ್ಬೆರಳು ತೋರಿಸಿದರೂ ಡೈವ್ ಅಲ್ಲಿಗೇ ಮುಗಿಯಿತು. ಯಾಕೆ ಎಂದು ಕೇಳಬಾರದು, ವಾದ ಮಾಡಬಾರದು. "ಡೈವ್ ಆದ ಮೇಲೆ ಹದಿನೆಂಟು ಗಂಟೆ ವಿಮಾನ ಹತ್ತಬಾರದು, ನೆನಪಿದೆ ಅಲ್ವಾ?" ಎಂದೂ ಸ್ನೇಹಾ ಕೇಳಿದಳು. ಆ ನಿಯಮ ಬರೆದವರು ಹದಿನೆಂಟು ವರ್ಷ ಎಂದು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಬೆನ್ನು ಹಿಂದೆ ಮಾಡಿ ಬೋಟಿನ ಅಂಚಿನಿಂದ ನೀರಿಗೆ ಬಿದ್ದೆವು. ಹಗ್ಗ ಹಿಡಿದು ಕಿವಿಯ ಒತ್ತಡ ಸರಿ ಮಾಡಿಕೊಳ್ಳುತ್ತಾ ಇಳಿದರೆ, ಐದು ಮೀಟರಿಗೇ ಮೇಲಿನ ಸದ್ದೆಲ್ಲ ನಿಂತುಹೋಯಿತು. ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಹನ್ನೊಂದು ಮೀಟರಿನಲ್ಲಿ ಬಂಡೆಗಳು ಕಂಡವು. ಬಂಡೆಯ ಸಂದಿಯಲ್ಲಿ ಹಳದಿ ಪಟ್ಟೆಯ ಸಣ್ಣ ಮೀನು, ಹವಳ ಕಚ್ಚಿ ತಿನ್ನುವ ಗಿಳಿಮೀನು. ಊರಿನ ಮೀನು ಮಾರ್ಕೆಟಿನಲ್ಲಿ ಮೀನು ನೋಡಿ ಬೆಳೆದ ನನಗೆ, ಮೀನು ಸುಮ್ಮನೆ ತನ್ನ ಪಾಡಿಗೆ ಇರುವುದನ್ನು ನೋಡಿ ಕಣ್ಣು ತುಂಬಿತು. ಮಾಸ್ಕಿನೊಳಗೆ ಅತ್ತರೆ ಒರೆಸಿಕೊಳ್ಳಲಿಕ್ಕಾಗುವುದಿಲ್ಲ ಎಂದು ಆಗ ತಿಳಿಯಿತು.

ಸ್ವಲ್ಪ ಮುಂದೆ ಒಂದು ಆಮೆ. ದೊಡ್ಡದು, ನಮ್ಮ ಮನೆಯ ಚಹಾದ ಮೇಜಿನಷ್ಟು. ಬಂಡೆಯ ಮೇಲಿನ ಪಾಚಿಯನ್ನು ಅವಸರವಿಲ್ಲದೆ ತಿನ್ನುತ್ತಿತ್ತು. ನಾನು ಇವರ ಕಡೆ ತಿರುಗಿದೆ. ಇವರ ಕಣ್ಣು ಮಾಸ್ಕಿನೊಳಗೆ ಅರಳಿತ್ತು. ನನ್ನನ್ನು ನೋಡಿದರು, ಬಲಗೈ ಎತ್ತಿ ಹೆಬ್ಬೆರಳು ಮೇಲೆ ಮಾಡಿದರು.

ಗಾಳಿ ಮುಗಿಯಿತೋ, ಎದೆನೋವೋ, ಬೆನ್ನು ಹಿಡಿಯಿತೋ? ಕೇಳುವ ಹಾಗಿಲ್ಲ. ನಿಯಮದ ಪ್ರಕಾರ ನಾನೂ ಹೆಬ್ಬೆರಳು ತೋರಿಸಿದೆ. ಅದನ್ನು ನೋಡಿ ಇವರು ಇನ್ನೂ ಖುಷಿಯಲ್ಲಿ ಎರಡೂ ಕೈಯ ಹೆಬ್ಬೆರಳು ಎತ್ತಿದರು. ಸ್ನೇಹಾ ನಮ್ಮಿಬ್ಬರನ್ನೂ ಹಗ್ಗದ ಹತ್ತಿರ ತಂದಳು. ಮೇಲೆ ಬರುವಾಗ ಮೈ ಒತ್ತಡಕ್ಕೆ ಹೊಂದಿಕೊಳ್ಳಲು ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಆ ಮೂರು ನಿಮಿಷವೂ ನಾನು ಇವರ ತೋಳು ಬಿಡಲಿಲ್ಲ. ನೆನಪಿಗೆ ಬಂದ ದುಆ, ಪ್ರಾರ್ಥನೆಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿದೆ.

ತಲೆ ನೀರಿನಿಂದ ಹೊರಗೆ ಬಂದದ್ದೇ ಇವರು ಬಾಯಿಯಿಂದ ಉಸಿರಾಟದ ರೆಗ್ಯುಲೇಟರ್ ತೆಗೆದು, "ಯಾಕೆ ಮೇಲೆ ಬಂದದ್ದು? ನಿನಗೆ ಎಂತಾಯ್ತು?" ಎಂದರು.

"ನನಗಾ? ನೀವೇ ಅಲ್ವಾ ತೋರಿಸಿದ್ದು!"

"ನಾನು ಆಮೆ ಚಂದ ಉಂಟು ಅಂತ ತೋರಿಸಿದ್ದು!"

ಬೋಟಿನಲ್ಲಿ ಎಲ್ಲರೂ ನಕ್ಕರು. ಹೊಸಬರು ಎಲ್ಲರೂ ಒಮ್ಮೆ ಮಾಡುವ ತಪ್ಪು ಎಂದು ಸ್ನೇಹಾ ಸಮಾಧಾನ ಹೇಳಿದಳು. ಇವರದ್ದು ಹೊಸಬರ ತಪ್ಪಲ್ಲ, ಹಳಬರದ್ದು ಎಂದು ನನಗೆ ಗೊತ್ತಿತ್ತು. ದಮ್ಮಾಮಿನಿಂದ ವೀಡಿಯೋ ಕರೆ ಮಾಡಿದರೆ ಮುಖ ಕಾಣುತ್ತಿತ್ತು, ಸ್ವರ ಕಡಿದುಹೋಗುತ್ತಿತ್ತು. 'ಚೆನ್ನಾಗಿದ್ದೀರಾ?' ಎಂದು ನಾನು ಇಲ್ಲಿಂದ ಕಿರುಚಿದರೆ ಅಲ್ಲಿಂದ ಹೆಬ್ಬೆರಳು. 'ನೀನು?' ಎಂದು ತುಟಿ ಅಲ್ಲಾಡಿದರೆ ಇಲ್ಲಿಂದ ಹೆಬ್ಬೆರಳು. ಗಲ್ಫಿಗೆ ಗಂಡನನ್ನು ಕಳಿಸಿದ ನಮ್ಮ ಕೇರಿಯ ಎಲ್ಲಾ ಮನೆಯಲ್ಲೂ ಇದೇ ಭಾಷೆ.

ಎರಡನೇ ಡೈವ್‌ಗೆ ಒಂದು ಗಂಟೆಯ ಬಿಡುವಿತ್ತು. ಕಲ್ಲಂಗಡಿ ಹೋಳು, ಶುಂಠಿ ಮಿಠಾಯಿ ಕೊಟ್ಟರು. ಬೋಟಿನ ಮೂತಿಯ ಹತ್ತಿರ ನಾವಿಬ್ಬರೇ ಕೂತಿದ್ದೆವು. ನಾನು ಕೇಳಿದೆ, "ಅಲ್ಲಿಂದ ತೋರಿಸುವಾಗ ಪ್ರತಿ ಸಾರಿಯೂ ಸರಿ ಇತ್ತಾ?"

ಇವರು ಕಲ್ಲಂಗಡಿಯ ಬೀಜ ಉಗುಳಿದರು. "ಪ್ರತಿ ಸಾರಿ ಇರ್ಲಿಲ್ಲ. ಬೆನ್ನು ಹಿಡಿದು ಹದಿನೇಳು ದಿನ ಮಲಗಿದ್ದೆ. ಶೆಟ್ರೇ ಗಂಜಿ ಮಾಡಿ ಕೊಟ್ಟದ್ದು. ಆಗಲೂ ತೋರಿಸಿದ್ದೇನೆ."

ಹದಿನೇಳು ದಿನ. ಅಷ್ಟು ದಿನದಲ್ಲಿ ಒಂದು ದಿನವೂ ನನಗೆ ಗೊತ್ತಾಗಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಮತ್ತೆ ನೀನು?" ಎಂದರು.

"ಎದೆಯಲ್ಲಿ ಗಡ್ಡೆ ಅಂತ ಮಂಗಳೂರಿಗೆ ಹೋಗಿ ತೆಗೆಸಿದ್ದೆ. ಎಂತದ್ದೂ ಅಲ್ಲ ಅಂತ ರಿಪೋರ್ಟ್ ಬರುವವರೆಗೆ ಒಂಬತ್ತು ದಿನ ದಿನಾ ತೋರಿಸಿದ್ದೇನೆ."

ಇವರ ಕೈಯಲ್ಲಿದ್ದ ಹೋಳು ಅಲ್ಲೇ ನಿಂತಿತು. ಆಮೇಲೆ ನನ್ನ ಒದ್ದೆ ಟೊಪ್ಪಿಯ ಮೇಲೆ ಕೈಯಿಟ್ಟರು. ನಾಲ್ಕು ಜನರಿಗೆ ಕಾಣುವಲ್ಲಿ ಇವರು ಹಾಗೆ ಮಾಡಿದ್ದು ಮೊದಲ ಸಾರಿ. 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಪ್ರಬಂಧ ಬರೆಸುತ್ತಿದ್ದೇನೆ. ಬಂಗಾರ ಸಾಕು ಎನಿಸಿತು.

"ಹೋಗಬೇಡಿ," ಎಂದೆ. "ನಿಮಗೆ ಸರಿ ಕಂಡ ಹಾಗೆ ಅಲ್ಲ. ನನಗೆ ಬೇಡ. ನೀವು ಹೋಗುದು ಬೇಡ."

"ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಹೇಳಬಾರದಿತ್ತಾ?"

"ಹೇಳಿದ್ದರೆ ನಿಲ್ತಿದ್ದಿರಾ?"

ಇವರು ಯೋಚಿಸಿದರು. ಬಾಯಿಬಿಟ್ಟು ಸುಳ್ಳು ಹೇಳಲು ಬಾರದ ಮನುಷ್ಯ. "ಇಲ್ಲ. ಸಾಲ ಇತ್ತು, ಮನೆ ಕಟ್ಟಬೇಕಿತ್ತು, ಹೋಗಲೇಬೇಕಿತ್ತು. ಆದ್ರೆ ಅಲ್ಲಿ ರೂಮಿನವರೆಲ್ಲ ಹೇಳ್ತಿದ್ರು, ಮನೆಯಲ್ಲಿ ಅಳ್ತಾರೆ, ಬಿಡುದಿಲ್ಲ ಅಂತ. ನನಗೆ ಹೇಳ್ಲಿಕ್ಕೆ ಎಂತ ಇರ್ಲಿಲ್ಲ."

ಹೋಗುತ್ತೇನೆ ಎಂದಾಗಲಿ ಇಲ್ಲ ಎಂದಾಗಲಿ ಹೇಳುವ ಮೊದಲೇ ಸ್ನೇಹಾ ಕರೆದಳು. ಎರಡನೇ ಸಾರಿ ಇಳಿದೆವು. ಆಮೆ ಸಿಗಲಿಲ್ಲ, ನೀರೂ ಸ್ವಲ್ಪ ಕಲಕಿತ್ತು. ಮೂವತ್ತೆಂಟು ನಿಮಿಷ ಇವರು ಉಂಗುರದ ಸನ್ನೆ ಒಂದನ್ನೇ, ಪರೀಕ್ಷೆಗೆ ಬಂದ ಮಗುವಿನ ಹಾಗೆ ಎಚ್ಚರದಿಂದ ತೋರಿಸಿದರು. ನಾನು ಎರಡು ಮೊಳದ ದೂರದಲ್ಲೇ ಇದ್ದೆ.

ದಡಕ್ಕೆ ಬಂದು ಊಟ ಮಾಡಿ ಎರಡು ಗಂಟೆಗೆ ಹೊರಟೆವು. ದಾರಿಯಲ್ಲಿ ನಾನು ಇನ್ನೊಮ್ಮೆ ಹೇಳಲಿಲ್ಲ. ಹೇಳಿದ್ದು ಒಮ್ಮೆಗೇ ಕೇಳಿಸಿತ್ತೆಂದು ಗೊತ್ತಿತ್ತು. ಐದೂವರೆ ಕಳೆದು ನಾರಾವಿಯ ಪೇಟೆಯಲ್ಲಿ ಚಹಾಕ್ಕೆ ನಿಂತೆವು. ನಾನು ಗ್ಲಾಸು ಹಿಡಿದು ಬೆಂಚಿನ ಮೇಲೆ ಕೂತಿದ್ದಾಗ ಇವರ ಫೋನ್ ಬಡಿಯಿತು. ಲಾಯಿಲದ ಶೆಟ್ಟರು. ಅವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ಇವರು ಎದ್ದು ರಸ್ತೆಯ ಅಂಚಿಗೆ ಹೋದರು. ನನ್ನ ಚಹಾ ಗ್ಲಾಸಿನಲ್ಲೇ ಉಳಿಯಿತು.

"ಇಜ್ಜಿ ಶೆಟ್ರೇ, ಬರ್ಪುಜಿ," ಎಂದರು. ಇಲ್ಲ, ಬರುವುದಿಲ್ಲ. ಆ ಕಡೆಯಿಂದ ಶೆಟ್ಟರು ಯಾಕೆಂದು ಕೇಳಿರಬೇಕು. ಇವರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಇಲ್ಲಡ್ ಬುಡ್ಪುಜೆರ್ ಮಾರಾಯ್ರೆ." ಮನೆಯಲ್ಲಿ ಬಿಡುವುದಿಲ್ಲ.

ಶೆಟ್ಟರಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ಇವರು ಅದನ್ನೇ ಇನ್ನೊಮ್ಮೆ ಹೇಳಿದರು. ಎರಡನೇ ಸಾರಿ ಸ್ವಲ್ಪ ಗಟ್ಟಿಯಾಗಿ, ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ.