ಬಟ್ಟೆ ಒಣಗಿಸುವ ಸೂರು

ಈ ಶುಕ್ರವಾರ ಅವರೆಕಾಯಿ ಊಟಕ್ಕೆ ನಮ್ಮಲ್ಲಿಗೆ ನಾಲ್ಕು ಮನೆಯವರು ಬರುತ್ತಾರೆ. ಖೈತಾನ್‌ನ ತರಕಾರಿ ಅಂಗಡಿಗೆ ಸೊಗಡಿನ ಅವರೆ ಬಂದಿದೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ದಾಟಿತೆಂದರೆ ನಮ್ಮಂಥ ಹಳೇ ಮೈಸೂರಿನವರಿಗೆ ಕುವೈತಿನಲ್ಲಿ ಚಳಿಗಾಲ ಬಂತೆಂದೇ ಲೆಕ್ಕ. ಊಟ ಮನೆಯ ಹಿಂದುಗಡೆ, ಸೂರಿನ ಕೆಳಗೆ. ಅಷ್ಟರೊಳಗೆ ಸೂರಿನ ಒಳಮೈಗೆ ಒಂದು ಕೈ ಬಿಳಿ ಬಣ್ಣ ಆಗಲೇಬೇಕೆಂದು ನನ್ನ ಹೆಂಡತಿ ಸವಿತಾ ಅಪ್ಪಣೆ ಮಾಡಿದ್ದರಿಂದ ಬೆಳಿಗ್ಗೆಯೇ ಏಣಿ ಹತ್ತಿ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದೆ. ಮೂಲೆಗೆ ಬಂದಾಗ ತಟ್ಟೆಯಗಲದ ಒಂದು ಕಪ್ಪು ಕಲೆ ಸಿಕ್ಕಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮೂಗಿನ ಹತ್ತಿರ ತಂದರೆ ಸಾಂಬ್ರಾಣಿಯ ವಾಸನೆ. ಹನ್ನೊಂದು ವರ್ಷದ ಹಿಂದಿನ ಹೊಗೆ ಅಲ್ಲೇ ಅಂಟಿಕೊಂಡು ಕೂತಿತ್ತು.

ಈ ಜಾಗಕ್ಕೆ ಇವತ್ತಿಗೂ ನಮ್ಮ ಮನೆಯಲ್ಲಿ ಒಂದು ಸರಿಯಾದ ಹೆಸರಿಲ್ಲ. ಮಗಳು ಸಿರಿ ಪ್ಯಾಟಿಯೋ ಅನ್ನುತ್ತಾಳೆ. ಸವಿತಾ ಹಿಂದುಗಡೆ ಅನ್ನುತ್ತಾಳೆ. ನನಗೆ ಹಿತ್ತಿಲು ಅನ್ನುವ ಆಸೆ, ಆದರೆ ಒಂದು ಕರಿಬೇವಿನ ಗಿಡವೂ ಬದುಕದ ಜಾಗವನ್ನು ಹಿತ್ತಿಲು ಅಂದರೆ ನೀವೇ ನಗುತ್ತೀರಿ. ಹಳೆಯ ಎರಡಂತಸ್ತಿನ ಮನೆ, ಕೆಳಗೆ ನಾವು, ಮೇಲೆ ಮನೆಯ ಯಜಮಾನ ಅಬು ಯೂಸುಫ್. ಅಡುಗೆಮನೆಯ ಬಾಗಿಲು ತೆಗೆದರೆ ಕಾಂಪೌಂಡ್ ಗೋಡೆಯವರೆಗೆ ಹದಿನೈದು ಅಡಿ ಬರೀ ನೆಲ. ಅದರಲ್ಲಿ ಮುರಿದ ನೀರಿನ ಟ್ಯಾಂಕು, ಒಂದು ಹಳೇ ಏಸಿ ಮತ್ತು ಬೆಕ್ಕುಗಳು. ಬಾಡಿಗೆಗೆ ಬಂದ ಮೊದಲ ನಾಲ್ಕು ವರ್ಷ ನಾವು ಆ ಬಾಗಿಲನ್ನೇ ತೆಗೆದಿರಲಿಲ್ಲ.

ತೆಗೆಯುವಂತಾದದ್ದು ಸವಿತಾಳಿಗೆ ಐದು ತಿಂಗಳಾದಾಗ. ಡಾಕ್ಟರು ವಿಮಾನ ಹತ್ತಬೇಡಿ ಎಂದುಬಿಟ್ಟರು. ಅದಕ್ಕೆ ಮೊದಲು ಎರಡು ಸಲ ನಾವು ಕಳೆದುಕೊಂಡಿದ್ದೆವು. ಇದನ್ನು ಹೀಗೆ ಒಂದೇ ಸಾಲಿನಲ್ಲಿ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಮೊದಲ ಸಲ, ಮೂರನೇ ತಿಂಗಳಲ್ಲೇ, ಸಂತೋಷ ತಡೆಯಲಾರದೆ ನಾನು ಅಂಗಡಿಯಿಂದ ಹಳದಿ ಉಣ್ಣೆಯ ಒಂದು ಕುಲಾವಿ ತಂದಿದ್ದೆ. ಮಗು ಹುಟ್ಟುವ ಮುಂಚೆ ಅದರ ಹೆಸರಿನಲ್ಲಿ ಏನನ್ನೂ ತರಬಾರದು, ತೊಟ್ಟಿಲು ಕಟ್ಟಬಾರದು, ಬಟ್ಟೆ ಹೊಲಿಸಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ನಡೆದುಬಂದ ಮಾತು. ನಾನು ಎಂಜಿನಿಯರ್, ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಬೀಗುತ್ತ ತಂದೆ. ಹತ್ತು ದಿನಕ್ಕೆ ಎಲ್ಲ ಮುಗಿದುಹೋಯಿತು. ಸವಿತಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕುಲಾವಿಯನ್ನು ಎಲ್ಲಿಟ್ಟಳೋ ಗೊತ್ತಿಲ್ಲ, ನಾನೂ ಕೇಳಲಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು.

ಹಾಗಾಗಿ ಮೂರನೇ ಸಲ ಮನೆಯಲ್ಲಿ ಮಗು ಎಂಬ ಶಬ್ದಕ್ಕೇ ಪ್ರವೇಶವಿರಲಿಲ್ಲ. ಆದರೆ ಬಾಣಂತನದ ಏರ್ಪಾಡು ಆಗಬೇಕಲ್ಲ? ಚನ್ನರಾಯಪಟ್ಟಣದಿಂದ ಅತ್ತೆ ಬರುವುದೆಂದಾಯಿತು. ಫೋನಿನಲ್ಲಿ ಅವರು ಕೇಳಿದ್ದು ಒಂದೇ: ಎರೆಯಲು ಜಾಗ ಇದೆಯೇ, ಹೊಗೆ ಹಾಕಿದರೆ ಯಾರೂ ಆಕ್ಷೇಪಣೆ ಮಾಡುವುದಿಲ್ಲವೇ. ನಮ್ಮ ಬಚ್ಚಲಿನಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕು. ಒಳಗೆ ಒಗ್ಗರಣೆ ಸ್ವಲ್ಪ ಸೀದರೂ ಹೊಗೆಯ ಅಲಾರಂ ಬೊಬ್ಬೆ ಹೊಡೆಯುತ್ತಿತ್ತು. ಸವಿತಾ ಆ ದಿನ ಅಡುಗೆಮನೆಯ ಹಿಂಬಾಗಿಲು ತೆಗೆದು ಬಹಳ ಹೊತ್ತು ಆ ಟ್ಯಾಂಕು, ಬೆಕ್ಕುಗಳನ್ನು ನೋಡುತ್ತ ನಿಂತಿದ್ದಳು. ಆಮೇಲೆ ತಿರುಗಿ, “ರೀ, ಇಲ್ಲೊಂದು ಸೂರು ಹಾಕ್ಸಿ. ಬಟ್ಟೆ ಒಣಗ್ಸೋಕೆ,” ಎಂದಳು.

ನನಗೆ ಅರ್ಥವಾಯಿತು. ಅವಳಿಗೂ ನನಗೆ ಅರ್ಥವಾಯಿತೆಂದು ಅರ್ಥವಾಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಶುಕ್ರವಾರಗಳನ್ನು ಎಣಿಸಿದೆ. ಹದಿನೈದು ಇದ್ದವು. ಅಷ್ಟರಲ್ಲಿ ಆಗಲೇಬೇಕು, ಆಗಿಯೇ ಆಗುತ್ತದೆ ಎಂದುಕೊಂಡೆ. ಇನ್ನು ಯಾವುದೂ ನನ್ನ ಕೈಯಲ್ಲಿರಲಿಲ್ಲ, ಇದೊಂದಿತ್ತು.

ಅಬು ಯೂಸುಫ್ ಎಪ್ಪತ್ತು ದಾಟಿದವರು, ಹರಕು ಹಿಂದಿ ಬಲ್ಲವರು. ಸೂರು ಯಾಕೆ ಎಂದರು. ಬಟ್ಟೆ ಒಣಗಿಸಲು ಎಂದೆ. ಅವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಯೋಚಿಸಿ ನೋಡಿ, ಹಿಂಡಿ ಹಾಕಿದ ಬಟ್ಟೆ ಹತ್ತು ನಿಮಿಷಕ್ಕೆ ಗರಿಗರಿ ಆಗುವ ಊರಿನಲ್ಲಿ ಬಟ್ಟೆ ಒಣಗಿಸಲು ನೆರಳು ಕೇಳುವ ಮನುಷ್ಯನನ್ನು ಅವರು ಆ ಮೊದಲು ಕಂಡಿರಲಾರರು. ಆದರೂ ಏನೂ ಕೆದಕಲಿಲ್ಲ. ಇಟ್ಟಿಗೆ ಗೋಡೆ ಕೂಡದು, ಬೇಡವೆಂದಾಗ ಬಿಚ್ಚುವಂತಿರಬೇಕು, ಶುಕ್ರವಾರದ ನಮಾಜು ಮುಗಿಯುವವರೆಗೆ ಸುತ್ತಿಗೆ ಸದ್ದು ಕೇಳಬಾರದು ಎಂದು ಹೇಳಿ ಒಳಗೆ ಹೋದರು.

ಕೆಲಸಕ್ಕೆ ಸಿಕ್ಕಿದವರು ಕಾಪು ಕಡೆಯ ಉಮೇಶಣ್ಣ. ವೆಲ್ಡಿಂಗ್ ಅವರ ಕಸುಬು, ಟೈಲ್ಸ್ ಹಾಕುವುದೂ ಬರುತ್ತಿತ್ತು. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಪರಿಚಯವಾಗಿ ಸ್ನೇಹಿತರಾದವರು. ರಜೆಯ ದಿನ ಶುಕ್ರವಾರ ಮಧ್ಯಾಹ್ನ ಬಂದರೆ ಸಂಜೆ ಕಪ್ಪಾಗುವವರೆಗೆ ದುಡಿಯುತ್ತಿದ್ದರು. ನಾನು ಅವರ ಕೈಯಾಳು. ಶುಐಬಾದ ಕಾರ್ಖಾನೆಯಲ್ಲಿ ಇಪ್ಪತ್ತು ಜನರಿಗೆ ಹೀಗೆ ಮಾಡಿ ಹಾಗೆ ಮಾಡಿ ಎನ್ನುವ ನಾನು ಇಲ್ಲಿ ಅವರು ಕೇಳಿದ ಸ್ಪ್ಯಾನರ್ ಬಿಟ್ಟು ಬೇರೆಯದನ್ನು ಕೊಟ್ಟು ಬೈಸಿಕೊಳ್ಳುತ್ತಿದ್ದೆ. ಮೊದಲ ಮೂರು ವಾರಕ್ಕೆ ಕಂಬಗಳು ನಿಂತವು. ಐದನೆಯ ವಾರ ಮೇಲೆ ಹೊದಿಕೆಯ ಹಲಗೆಗಳು ಕೂತವು, ಎರಡು ತಗಡುಗಳ ನಡುವೆ ಬಿಸಿಲು ತಡೆಯುವ ಫೋಮ್ ಇರುವಂಥವು. ಗಾಳಿ ಬರಲೆಂದು ನಮ್ಮೂರ ಕಡೆಯ ಅಭ್ಯಾಸದಂತೆ ವಾಯವ್ಯದ ಬದಿಯನ್ನು ತೆರೆದೇ ಬಿಟ್ಟಿದ್ದೆವು. ಏಪ್ರಿಲ್‌ನಲ್ಲಿ ಒಂದು ಧೂಳುಗಾಳಿ ಬಂದು ಅರ್ಧ ಮರುಭೂಮಿಯನ್ನು ಒಳಗೆ ಸುರಿದು ಹೋಯಿತು. ಮರಳು ಗುಡಿಸಿ ಆ ಬದಿಗೂ ತಗಡು ಹೊಡೆದೆವು.

ಇಷ್ಟರವರೆಗೆ ಎಲ್ಲ ಸರಿ. ಇನ್ನು ಹೇಳುವುದು ನಾನು ಮಾಡಿದ ಘನಕಾರ್ಯ.

ನೆಲಕ್ಕೆ ಟೈಲ್ಸ್ ಹಾಕುವ ದಿನ ಉಮೇಶಣ್ಣ ಮಟ್ಟಗೋಲು ಹಿಡಿದು ನೀರು ಯಾವ ಕಡೆ ಬಿಡುವುದು ಎಂದು ಕೇಳಿದರು. ಮೋರಿ ಇದ್ದದ್ದು ನೈಋತ್ಯದ ಮೂಲೆಯಲ್ಲಿ. ಚರಂಡಿಯ ಪೈಪುಗಳಿಗೆ ಇಳಿಜಾರು ಲೆಕ್ಕಹಾಕುವುದೇ ನನ್ನ ಹೊಟ್ಟೆಪಾಡು. ಅಂಥ ನಾನು, ನೈಋತ್ಯ ಎತ್ತರವಿರಬೇಕು, ನೀರು ಈಶಾನ್ಯಕ್ಕೆ ಹರಿಯಬೇಕು ಎಂದೆ. ವಾಸ್ತುವನ್ನು ನಾನು ನಂಬುತ್ತಿದ್ದೆನೇ ಎಂದು ಕೇಳಬೇಡಿ. ಕುಲಾವಿಯ ವಿಷಯದಲ್ಲಿ ನಂಬದೆ ಇದ್ದದ್ದಾಯಿತಲ್ಲ. ಈ ಸಲ ಯಾರ ಶಾಸ್ತ್ರವನ್ನೂ ಮೀರಲು ನನಗೆ ಧೈರ್ಯವಿರಲಿಲ್ಲ. ಹೆದರಿದ್ದೆ, ಅಷ್ಟೇ.

“ಮೋರಿ ಅಲ್ಲಿ ಉಂಟು, ನೀರು ಇಲ್ಲಿ ಬಂದು ಎಂತ ಮಾಡೂದು ಮಾರಾಯ್ರೆ?” ಎಂದರು ಉಮೇಶಣ್ಣ.

ನಮ್ಮತ್ತೆ ಒಪ್ಪುವುದಿಲ್ಲ, ಅವರಿಗೆ ಇದೆಲ್ಲ ಬಹಳ ಎಂದು ಸುಳ್ಳು ಹೇಳಿದೆ. ಅತ್ತೆಯ ಹೆಸರು ಕೇಳಿದ ಮೇಲೆ ಅವರು ವಾದ ಮಾಡಲಿಲ್ಲ. ಎರಡು ಶುಕ್ರವಾರಗಳಲ್ಲಿ ನೆಲ ಮುಗಿಯಿತು. ನೋಡಲು ಚೆನ್ನಾಗಿಯೇ ಇತ್ತು.

ಅತ್ತೆ ಬಂದಿಳಿದದ್ದು ಎಂಟನೆಯ ತಿಂಗಳಲ್ಲಿ, ಒಂದು ಪೆಟ್ಟಿಗೆ ತುಂಬ ಸಾಮಾನು ಹೊತ್ತು. ಬಂದ ಮರುದಿನವೇ ಸೆರಗು ಸಿಕ್ಕಿಸಿಕೊಂಡು ಹಿಂದುಗಡೆ ಹೋದರು. ಕಂಬ ಅಲ್ಲಾಡಿಸಿ ನೋಡಿದರು, ತಗಡು ತಟ್ಟಿ ನೋಡಿದರು. ಕೊನೆಗೆ ಒಂದು ಬಕೆಟ್ ನೀರು ತಂದು ನೆಲಕ್ಕೆ ಸುರಿದರು. ನೀರು ನೆಟ್ಟಗೆ ಈಶಾನ್ಯಕ್ಕೆ ಹರಿದು, ಅಡುಗೆಮನೆಯ ಹೊಸ್ತಿಲಿಗೆ ಬಡಿದು, ಅಲ್ಲಿಯೇ ಒಂದು ಕೆರೆಯಾಗಿ ನಿಂತಿತು. ಆ ಹೊಸ್ತಿಲು ದಾಟಿಯೇ ಸವಿತಾ ದಿನಾ ಓಡಾಡಬೇಕಿತ್ತು. ಅತ್ತೆ ಆ ನೀರನ್ನೂ ಮಗಳ ಹೊಟ್ಟೆಯನ್ನೂ ನೋಡಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಮನೆಯ ಸುಳ್ಳು ಅವರಿಗೂ ಗೊತ್ತಿತ್ತು.

“ಒದ್ದೆ ಬಟ್ಟೆಯಿಂದ ನೀರು ಸೋರಲ್ವಾ ಅಳಿಯಂದ್ರೆ? ಮೋರಿ ಆ ಮೂಲೇಲಿದ್ರೆ ನೀರು ಈ ಮೂಲೆಗೆ ಯಾಕ್ ಬಿಟ್ರಿ?”

ವಾಸ್ತುವಿಗೆ, ನಿಮಗೆ ಸರಿ ಬರಲೆಂದು ಎಂದೆ. “ನಾನ್ಯಾವಾಗ ಕೇಳ್ದೆ?” ಎಂದರು ಅತ್ತೆ. ಅವರ ಸಿಟ್ಟಿಗಿಂತ ಅವರ ಆಶ್ಚರ್ಯ ನನ್ನನ್ನು ಹೆಚ್ಚು ಕುಗ್ಗಿಸಿತು. ಯಾರ ಹೆಸರು ಹೇಳಿ ನಾನು ಶಾಸ್ತ್ರ ಪಾಲಿಸಿದ್ದೆನೋ ಅವರಿಗೆ ಬೇಕಿದ್ದದ್ದು ಮಗಳು ಜಾರದೆ ಓಡಾಡುವ ನೆಲ, ಅಷ್ಟೇ. ಉಮೇಶಣ್ಣನಿಗೆ ಫೋನ್ ಮಾಡಿ ನೆಲ ಕೀಳಬೇಕು ಎಂದೆ. ಅವರು, ಅತ್ತೆ ಬಂದ್ರಾ ಎಂದು ಮಾತ್ರ ಕೇಳಿದರು.

ಕ್ಯಾಲೆಂಡರಿನಲ್ಲಿ ಉಳಿದಿದ್ದದ್ದು ಮೂರು ಶುಕ್ರವಾರ. ಅವರನ್ನು ಕಾಯಲು ನನಗೆ ಪುರುಸೊತ್ತಿರಲಿಲ್ಲ. ಶುಐಬಾದಿಂದ ಸಂಜೆ ಕಂಪನಿ ಬಸ್ಸಿನಲ್ಲಿ ಬಂದವನೇ ಕಾಫಿ ಕುಡಿದು ಉಳಿ ಸುತ್ತಿಗೆ ಹಿಡಿದು ಕೂರುತ್ತಿದ್ದೆ. ಒಂದೊಂದೇ ಟೈಲ್ಸ್ ಎಬ್ಬಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಬೊಬ್ಬೆ ಒಡೆಯಿತು, ಬಟ್ಟೆ ಸುತ್ತಿಕೊಂಡು ಮತ್ತೆ ಕೂತೆ. ಅತ್ತೆ ಎದ್ದ ಟೈಲ್ಸ್‌ಗಳನ್ನು ತೊಳೆದು ಗೋಡೆಗೆ ಒರಗಿಸಿಡುತ್ತಿದ್ದರು. ನಾವಿಬ್ಬರೂ ಯಾಕೆ ಇಷ್ಟು ಅವಸರಪಡುತ್ತಿದ್ದೇವೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಹದಿಮೂರನೆಯ ಶುಕ್ರವಾರ ಉಮೇಶಣ್ಣ ಬರುವ ಹೊತ್ತಿಗೆ ನೆಲ ಬೋಳಾಗಿತ್ತು. ಆ ದಿನ ಮತ್ತು ಅದರ ಮುಂದಿನ ವಾರ ಕೂತು, ಮೋರಿಯ ಕಡೆಗೆ ಇಳಿಜಾರು ಬಿಟ್ಟು, ನೆಲ ಮುಗಿಸಿದೆವು. ಬಿರುಕು ಬಿಟ್ಟಿದ್ದ ಆರು ಟೈಲ್ಸ್‌ಗಳ ಬದಲಿಗೆ ಅದೇ ಬಣ್ಣದವು ಸಿಗದೆ ಬೇರೆ ಬಣ್ಣದವನ್ನು ಹಾಕಿದೆವು. ಅತ್ತೆ ಮತ್ತೆ ಬಕೆಟ್ ತಂದರು. ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಮೋರಿಗೆ ಓಡಿತು. ಉಮೇಶಣ್ಣ ಕೈ ಕೊಡವಿ “ಖಲಾಸ್” ಎಂದರು.

ಅದಾಗಿ ಐದನೆಯ ದಿನಕ್ಕೆ ಸಿರಿ ಹುಟ್ಟಿದಳು. ಆಸ್ಪತ್ರೆಯಲ್ಲಿ ಅವಳ ಅಳು ಕೇಳಿದಾಗ ನಾನು ಗೋಡೆ ಹಿಡಿದುಕೊಂಡು ನಿಂತಿದ್ದೆ. ಬೇರೇನೂ ನೆನಪಿಲ್ಲ.

ಹನ್ನೊಂದನೆಯ ದಿನ ಎರೆಯುವ ಶಾಸ್ತ್ರ. ಈ ಊರಿನ ಬೇಸಿಗೆ ಗೊತ್ತಿಲ್ಲದವರಿಗೆ ಒಂದು ಮಾತು: ಆಗ ಇಲ್ಲಿ ತಣ್ಣೀರಿನ ನಲ್ಲಿಯಲ್ಲೇ ಕುದಿನೀರು ಬರುತ್ತದೆ, ನಾವು ಗೀಸರ್ ಆರಿಸಿ ಅದರೊಳಗೆ ನೀರು ತಣ್ಣಗಾಗಲು ಬಿಡುತ್ತೇವೆ. ಉರಿಯೂ ಇಲ್ಲದೆ ಹಂಡೆಯೂ ಇಲ್ಲದೆ ಬಿಸಿನೀರು ಸುರಿಯುವುದನ್ನು ಕಂಡ ಅತ್ತೆಗೆ ಕುವೈತಿನ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. ಬಾಣಂತಿಗೆ ಎರೆದರು, ಕಾಲು ಚಾಚಿ ಕೂತು ಮಗುವನ್ನು ಮೊಣಕಾಲಿನ ಮೇಲೆ ಮಲಗಿಸಿ ಎರೆದರು. ಮೂಲೆಯಲ್ಲಿ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದರು. ಹೊಗೆ ಎದ್ದು ಸೂರಿಗೆ ತಾಗಿ ಹರಡಿತು. ಯಾವ ಅಲಾರಮ್ಮೂ ಕೂಗಲಿಲ್ಲ. ಮಗುವಿನ ತಲೆಗೆ ಏನಾದರೂ ಹಾಕಬೇಕಲ್ಲ ಎಂದು ಅತ್ತೆ ಹುಡುಕುವಾಗ ಸವಿತಾ ಎದ್ದು ಒಳಗೆ ಹೋಗಿ ಬಂದಳು. ಕೈಯಲ್ಲಿ ಆ ಹಳದಿ ಕುಲಾವಿ ಇತ್ತು. ನನ್ನ ಕಡೆ ನೋಡದೆ ತಾನೇ ತೊಡಿಸಿದಳು. ಐದು ವರ್ಷದಿಂದ ನನ್ನ ಎದೆಯ ಮೇಲೆ ಕೂತಿದ್ದದ್ದು ಆಗ ಇಳಿಯಿತು.

ಸಾಂಬ್ರಾಣಿಯ ವಾಸನೆ ಮೇಲಿನ ಮನೆಗೂ ಮುಟ್ಟಿತ್ತು. ಅಬು ಯೂಸುಫ್ ತಮ್ಮ ಕಡೆಯ ಧೂಪವಾದ ಬಖೂರ್ ಹಾಕುವ ಇದ್ದಿಲಿನ ಒಂದು ಪೊಟ್ಟಣ ಹಿಡಿದು ಇಳಿದು ಬಂದರು. ಸೂರಿನ ಉದ್ದಕ್ಕೂ ಕಟ್ಟಿದ ಹಗ್ಗದ ಮೇಲೆ ಅತ್ತೆಯ ಹಳೇ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು. ಅವನ್ನು ಬೆರಳು ಮಾಡಿ, “ಅಚ್ಛಾ, ಛೋಟಾ ಕಪಡಾ,” ಎಂದು ನಕ್ಕರು. ನಾನು ಅವರಿಗೆ ಹೇಳಿದ್ದ ಸುಳ್ಳು ನಿಜವೇ ಆಗಿಹೋಗಿತ್ತು.

ಏಣಿಯ ಮೇಲೆ ನಿಂತು ಇಷ್ಟೆಲ್ಲ ನೆನೆಯುವಾಗ ಕೈ ತನ್ನ ಪಾಡಿಗೆ ಬಣ್ಣ ಬಳಿಯುತ್ತಿತ್ತು. ಸಿರಿ ಬಂದು ಏಣಿ ಹಿಡಿದುಕೊಂಡು, ಅದೇನು ವಾಸನೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಾಂಬ್ರಾಣಿ ಎಂದೆ. ಬಟ್ಟೆ ಒಣಗಿಸುವ ಜಾಗದಲ್ಲಿ ಅದನ್ನು ಯಾಕೆ ಹಾಕಿದಿರಿ ಎಂದಳು. ಅವಳು ಹುಟ್ಟಿದಾಗಿನಿಂದ ನಾವು ಅವಳಿಗೂ ಅದೇ ಕಥೆ ಹೇಳಿಕೊಂಡು ಬಂದಿದ್ದೆವು. ಒಮ್ಮೆ ಬಾಯಲ್ಲಿ ಕೂತ ಹೆದರಿಕೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ನಾನು ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದುತ್ತಿದ್ದಾಗ ಸವಿತಾ ಒಗೆದ ಬಟ್ಟೆಯ ಬಕೆಟ್ ಹಿಡಿದು ಬಂದಳು. ಸಿರಿ ಅದೇ ಪ್ರಶ್ನೆಯನ್ನು ಅಮ್ಮನಿಗೆ ಹಾಕಿದಳು.

ಸವಿತಾ ಬಕೆಟ್ ಕೆಳಗಿಟ್ಟು ಮೇಲಿನ ಕಲೆ ನೋಡಿದಳು. “ಬಟ್ಟೆ ಒಣಗ್ಸೋಕೆ ಅಂತ ಹೇಳಿದ್ದು. ಕಟ್ಟಿದ್ದು ನಿಂಗೆ,” ಎಂದಳು.

ಸಿರಿ ಸೂರನ್ನು ನೋಡಿದಳು, ಬಣ್ಣ ಬೇರೆಯಾದ ಆ ಆರು ಟೈಲ್ಸ್‌ಗಳನ್ನು ನೋಡಿದಳು. ಆಮೇಲೆ ಏಣಿಯನ್ನು ಅಲುಗಿಸಿ, “ದೆನ್ ಸ್ಟಾಪ್ ಪೇಂಟಿಂಗ್ ಇಟ್, ಅಪ್ಪಾ,” ಎಂದಳು.

ಅಷ್ಟರಲ್ಲಿ ಅರ್ಧ ಕಲೆ ಬಿಳಿಯ ಅಡಿಗೆ ಹೋಗಿತ್ತು. ಉಳಿದರ್ಧವನ್ನು ಬಿಟ್ಟು ಇಳಿದೆ. ಶುಕ್ರವಾರ ಊಟಕ್ಕೆ ಕೂತವರು ತಲೆಯೆತ್ತಿದರೆ ಅದು ಕಂಡೇ ಕಾಣುತ್ತದೆ, ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಸವಿತಾಳನ್ನು ಕೇಳಿದೆ. ಅವಳು ಸಿರಿಯ ಅಂಗಿಯೊಂದನ್ನು ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಳು.

“ಇದ್ದದ್ದನ್ನೇ ಹೇಳಿ,” ಎಂದಳು.