ಅರ್ಧಕ್ಕೆ ನಿಂತ ಮಂಗಳ

ಆಗೆಲ್ಲ ಶ್ರಾವಣದ ಸೋಮವಾರ ಸಂಜೆ ಮತ್ತೋಡಿನ ನಮ್ಮ ಕೇರಿಯ ಈಶ್ವರನ ಗುಡಿಯಲ್ಲಿ ಭಜನೆ ಇರುತ್ತಿತ್ತು. ಅಂಥದೊಂದು ಸೋಮವಾರ, ಹಾಡಲಿಕ್ಕೆ ರುದ್ರಜ್ಜ, ತಾಳಕ್ಕೆ ಅವನ ತಮ್ಮ, ಚಪ್ಪಾಳೆಗೆ ಕೇರಿಯ ಹೆಂಗಸರು. ಮಂಡಕ್ಕಿ, ಬೆಲ್ಲ, ಪುಟಾಣಿ ಕಲೆಸಿದ ಪುಟ್ಟಿಯ ಮೇಲೆ ಕಣ್ಣಿಟ್ಟು ನಾವು ಹುಡುಗರು. ಹಾರ್ಮೋನಿಯಂ ತಿದಿಯನ್ನು ಇಲಿ ಕಡಿದಿತ್ತು. ಅದರ ಜಾಗದಲ್ಲಿ ದೊಡ್ಡಪ್ಪನ ಮಗಳು ಗೌರಕ್ಕ ತನ್ನ ಪುಟ್ಟ ಕೀಬೋರ್ಡು ಇಟ್ಟುಕೊಂಡು ಕೂತಿದ್ದಳು.

ಗೌರಕ್ಕ ಈಗ ಸಿಂಥ್‌ವೇವ್ ಅನ್ನೋ ಸಂಗೀತ ಮಾಡುತ್ತಾಳೆ. ಹಳೇ ಕಾಲದ ಎಲೆಕ್ಟ್ರಾನಿಕ್ ಕೀಬೋರ್ಡುಗಳ ದನಿ ಅದು. ಅವಳ ಆಲ್ಬಮ್ಮಿನ ಕಡೇ ಹಾಡಿನಲ್ಲಿ ವಾದ್ಯ ನಡುವೆಯೇ ಕಡಿದು ನಿಲ್ಲುತ್ತದೆ. ಕ್ಷಣ ಹೊತ್ತು ಏನೂ ಇಲ್ಲ. ಆಮೇಲೆ ಬಾಯಿ ಮುಚ್ಚಿ ಗುನುಗುವ ಮನುಷ್ಯರ ದನಿ. ಫೈಲು ಕೆಟ್ಟಿದೆ ಅಂತ ಕೇಳಿದವರು ಬರೆಯುತ್ತಾರಂತೆ. ಕೆಟ್ಟಿಲ್ಲ. ಅದು ಆ ಸೋಮವಾರದ ಮಂಗಳ.

"ಏನವ್ವ, ಈ ಪೆಟ್ಗೆ ಶ್ರುತಿ ಹಿಡಿತೈತೇನು?" ಅಂತ ಆವತ್ತು ಭಜನೆಗೆ ಮೊದಲೇ ರುದ್ರಜ್ಜ ಕೇಳಿದ್ದ.

"ಹಿಡಿತೈತಜ್ಜ. ನಿನ್ನಂಗೆ ನಡುನಡುವೆ ಕೆಮ್ಮಲ್ಲ."

"ನಾಲಿಗೆ ನೋಡು ಇದ್ರದು! ಮಂಗ್ಳ ಏನಾರ ಕೆಡ್ತು ಅಂದ್ರೆ ಈ ಪೆಟ್ಗೆ ಮತ್ತೆ ಗುಡಿ ಮೆಟ್ಲು ಹತ್ತಂಗಿಲ್ಲ."

ಗೌರಕ್ಕ ಪ್ಲಗ್ಗು ಸಿಕ್ಕಿಸಿದಳು. ಗುಡಿಯಲ್ಲಿ ನುಡಿಸುವುದೊಂದೇ ಅವಳಿಗೆ ಬೇಕಿತ್ತು.

ಭಜನೆ ಚೆನ್ನಾಗೇ ಆಯಿತು. ಕಡೆಗೆ ಮಂಗಳ. ಅದು ಶುರುವಾದರೆ ಮುಗಿಯುವ ತನಕ ಯಾರೂ ಏಳುವಂತಿಲ್ಲ, ಪ್ರಸಾದ ಮುಟ್ಟುವಂತಿಲ್ಲ. ಎರಡನೇ ಚರಣಕ್ಕೆ ಕರೆಂಟು ಹೋಯಿತು. ಕೀಬೋರ್ಡು ನಿಂತಿತು. ಅದರ ಸೆಲ್ಲುಗಳನ್ನು ದೊಡ್ಡವ್ವ ರೇಡಿಯೊಗೆ ಹಾಕಿಕೊಂಡಿದ್ದಳು. ಶ್ರುತಿ ಇಲ್ಲದೆ ರುದ್ರಜ್ಜ ಹಾಡಿದವನಲ್ಲ, ಅವನೂ ನಿಂತ. ನಾನು ಪುಟ್ಟಿಯ ಕಡೆ ಸರಿದೆ.

"ಕುಂತ್ಕಳಲೇ, ಮಂಗ್ಳ ಮುಗ್ದಿಲ್ಲ," ಅಂದ ರುದ್ರಜ್ಜ.

ಊದುಬತ್ತಿ ಉರಿದು ಮುಗಿಯಿತು. ಕರೆಂಟು ಬರಲಿಲ್ಲ. ಗೌರಕ್ಕನ ಬೆರಳು ಮಾತ್ರ ಕೀಬೋರ್ಡಿನಲ್ಲಿ ಒತ್ತಿದ ಸ್ವರದ ಮನೆಯ ಮೇಲೇ ಇತ್ತು. ಆ ಸ್ವರವನ್ನೇ ಹಿಡಿದು, ಬಾಯಿ ಮುಚ್ಚಿಕೊಂಡು, ಗುನುಗಿದಳು. ಅವಳ ಉಸಿರು ಮುಗಿಯುವಷ್ಟರಲ್ಲಿ ದೊಡ್ಡವ್ವ ಎತ್ತಿಕೊಂಡಳು. ಆಮೇಲೆ ಹೆಂಗಸರೆಲ್ಲ, ಒಬ್ಬರ ಉಸಿರಿಗೆ ಇನ್ನೊಬ್ಬರು. ಅದರ ಮೇಲೆ ರುದ್ರಜ್ಜ ಮಂಗಳ ಮುಗಿಸಿದ. ನಮ್ಮ ಬೊಗಸೆಗೆ ಮಂಡಕ್ಕಿ ಬಿತ್ತು.

"ಬರೋ ಸೋಮಾರ ಸೆಲ್ಲು ಹಾಕ್ಕಂಡು ಬಾ," ಅಂದ ಅಜ್ಜ ಗೌರಕ್ಕನಿಗೆ. ಅಷ್ಟೇ.

ಈಗ ಅಲ್ಲಿ ಭಜನೆಯಿಲ್ಲ. ಸ್ಪೀಕರು ತಾನೇ ಹಾಡಿ ತಾನೇ ನಿಲ್ಲುತ್ತದೆ. ಜನ ನಡುವೆ ಎದ್ದು ಹೋಗುತ್ತಾರೆ, ಕುಂತ್ಕಳಿ ಅನ್ನುವವರಿಲ್ಲ.

ಹೋದ ಶ್ರಾವಣದಲ್ಲಿ ರುದ್ರಜ್ಜನ ಮನೆಗೆ ಹೋಗಿದ್ದಾಗ ಆ ಕಡೇ ಹಾಡನ್ನು ಫೋನಿನಲ್ಲಿ ಹಾಕಿದೆ. ಯಾರದು ಅಂತ ಹೇಳಲಿಲ್ಲ. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದ. ವಾದ್ಯ ಕಡಿದು ನಿಂತಿತು. ಹಾಡು ಮುಗಿಯಿತೆಂದು ಸೊಸೆ ಟೀ ಲೋಟ ಎತ್ತಿಕೊಂಡು ಎದ್ದಳು.

"ಕುಂತ್ಕಳವ್ವ," ಅಂದ ಅಜ್ಜ, ಕಣ್ಣು ಬಿಡದೆ. "ಮಂಗ್ಳ ಮುಗ್ದಿಲ್ಲ."

ಅವಳು ಕುಂತಳು.