ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಿ

ಬೆಳಗಿನ ಆರು ಗಂಟೆ. ತಗಡಿನ ಶೆಡ್ಡಿನಲ್ಲಿ ಬಿಳಿ ಟ್ಯಾಕ್ಸಿಯೊಂದು ನಿಂತಿದೆ. ಮೇಸ್ತ್ರಿ ಅದರ ಬಾನೆಟ್ ಎತ್ತುವುದಿಲ್ಲ. ಕೆಲಸದ ಮೇಜಿನ ಮೇಲೆ ನಾಲ್ಕು ಪ್ಲಾಸ್ಟಿಕ್ ಚೀಲಗಳನ್ನು ಸಾಲಾಗಿ ಇಡುತ್ತಿದ್ದಾರೆ. ಒಂದೊಂದರಲ್ಲೂ ಇದೇ ಕಾರಿನಿಂದ ಬಿಚ್ಚಿದ, ಮಸಿ ಹಿಡಿದ ಹಳೆಯ ಆಯಿಲ್ ಫಿಲ್ಟರ್, ಬೀಜಕ್ಕೆ ಕಟ್ಟಿಟ್ಟ ಸೋರೆಕಾಯಿಯಂತೆ ಜೋಪಾನವಾಗಿದೆ. ಚೀಲದ ಮೇಲೆ ತಾರೀಕು, ಕಾರಿನ ನಂಬರು, ಓಡಿದ ಕಿಲೋಮೀಟರು.

ಟ್ಯಾಕ್ಸಿಯ ಒಡತಿ ಹೊಸ್ತಿಲಲ್ಲೇ ನಿಂತಿದ್ದಾಳೆ. ಕಾರಿಗೆ ಇನ್ನೂ ಎರಡು ವರ್ಷ. ವಾರಂಟಿ ಮೂರು ವರ್ಷದ್ದು. ಗೇರ್‌ಬಾಕ್ಸ್ ನರಳುತ್ತಿದೆ. ಶೋರೂಮಿನವರು ಫೋನಿನಲ್ಲೇ ಕೈತೊಳೆದುಕೊಂಡುಬಿಟ್ಟಿದ್ದಾರೆ: ಹೊರಗೆ ಸರ್ವಿಸ್ ಮಾಡಿಸಿದ್ದೀರಿ, ವಾರಂಟಿ ಹೋಯಿತು. ಸ್ವಂತ ಖರ್ಚಿನಲ್ಲಿ ಹೊಸದು ಹಾಕಿಸಬೇಕೆಂದರೆ ಆರು ತಿಂಗಳ ದುಡಿಮೆ.

"ಕಾರು ಮಾರಿಬಿಡ್ತೀನಿ ಮೇಸ್ತ್ರಿ."

"ಮಾರೋಕೆ ಮುಂಚೆ ಮುಖ ತೊಳಕೊಂಡು ಬಾ. ಹತ್ತು ಗಂಟೆಗೆ ಹೋಗೋಣ."

ಮೇಸ್ತ್ರಿಗೆ ಐವತ್ತೆಂಟು. ಅದೇ ಶೋರೂಮಿನ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಕೈ ಮಸಿ ಮಾಡಿಕೊಂಡವರು. "ಆಗ ಈ ಕೈಗೆ ಶೋರೂಮಿನ ಸೀಲಿತ್ತು, ಈಗಿಲ್ಲ. ಕೈ ಅದೇ," ಎನ್ನುತ್ತಾರೆ. ದಿನಕ್ಕೆ ನಾಲ್ಕು ಕಾರು, ಐದನೆಯದನ್ನು ಮುಟ್ಟುವುದಿಲ್ಲ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಯಾವಾಗ ಏನು ಬದಲಿಸಬೇಕೆಂಬ ಪಟ್ಟಿಯಿದೆ. ಅದರಲ್ಲಿದ್ದುದನ್ನು ಬಿಡುವುದಿಲ್ಲ, ಇಲ್ಲದ್ದನ್ನು ಸೇರಿಸುವುದಿಲ್ಲ. ಎಣ್ಣೆ ಪುಸ್ತಕ ಹೇಳಿದ್ದೇ, ಫಿಲ್ಟರ್ ಕಂಪನಿಯದೇ. ಡಬ್ಬಿಯ ಚೀಟಿ ಕತ್ತರಿಸಿ ಬಿಲ್ಲಿಗೆ ಪಿನ್ ಹೊಡೆಯುತ್ತಾರೆ. ಆದರೂ ಖರ್ಚು ಶೋರೂಮಿನ ಅರ್ಧ. ಮಿಕ್ಕರ್ಧ ಎಲ್ಲಿ ಹೋಗುತ್ತದೆಂದು ಕೇಳಿದರೆ ಶೋರೂಮಿನ ಹಳೆಯ ಬಿಲ್ಲೊಂದನ್ನು ಮುಖಕ್ಕೇ ಹಿಡಿಯುತ್ತಾರೆ. "ಡ್ಯಾಶ್‌ಬೋರ್ಡಿಗೆ ಹೊಳಪು, ಎ.ಸಿ.ಗೆ ಸುಗಂಧ! ಪಟ್ಟೀಲಿ ಸುಗಂಧ ಎಲ್ಲಿದೆ ತೋರಿಸಿ. ಕಾರೇನು ಮದುಮಗಳಾ?"

ಹಳೆಯ ಫಿಲ್ಟರುಗಳ ಮೇಲೆ ಅವರ ಹೆಂಡತಿಗೆ ಮೊದಲಿನಿಂದಲೂ ಸಿಟ್ಟು. "ಬೀಗರು ಬಂದ್ರೆ ಕೂರಿಸೋಕೆ ಜಾಗವಿಲ್ಲ, ಈ ಕಸಕ್ಕೆ ಮಂಚದಡಿ ಜಾಗ!"

ಆ ಕಸದ ಹಿಂದೆ ಒಂದು ತಪ್ಪಿದೆ. ಏಳು ವರ್ಷದ ಕೆಳಗೆ ಮೇಷ್ಟ್ರೊಬ್ಬರ ಕಾರಿಗೆ ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದ್ದರು. ಕೆಲಸದಲ್ಲಿ ಕೂದಲೆಳೆಯ ಕೊರತೆಯಿರಲಿಲ್ಲ. ಆದರೆ ಬಿಲ್ಲಿನಲ್ಲಿ ಕಿಲೋಮೀಟರಿನ ಖಾನೆ ತುಂಬಲು ಮರೆತರು. ಎಂಜಿನ್ ಕೆಟ್ಟಿತು. ಶೋರೂಮಿನವರು ಆ ಖಾಲಿ ಖಾನೆಯ ಮೇಲೆ ಬೆರಳಿಟ್ಟು ಮೇಷ್ಟ್ರನ್ನು ಬರಿಗೈಯಲ್ಲಿ ಕಳಿಸಿದರು. ಮೇಷ್ಟ್ರು ಕಾರು ಮಾರಿದರು. ಇವತ್ತಿಗೂ ಶೆಡ್ಡು ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಾರೆ.

ಹತ್ತು ಗಂಟೆ. ಶೋರೂಮಿನ ಗಾಜಿನ ಬಾಗಿಲು, ಕಾಲು ಜಾರುವ ನೆಲ. ಟೈ ಕಟ್ಟಿದ ಮ್ಯಾನೇಜರ್ ಚೀಲಗಳ ಕಡೆ ಕಣ್ಣೂ ಹಾಯಿಸುವುದಿಲ್ಲ.

"ಹೊರಗಿನ ಸರ್ವಿಸ್ ಮೇಡಂ. ವಾರಂಟಿ ಇಲ್ಲ."

ಮೇಸ್ತ್ರಿ ಕಾರಿನ ಪುಸ್ತಕ ಬಿಚ್ಚಿ ಮುಂದಿಡುತ್ತಾರೆ. "ಇಲ್ಲೇ ಮಾಡಿಸಬೇಕು ಅಂತ ಯಾವ ಪುಟದಲ್ಲಿದೆ?"

"ಅದು ಕಂಪನಿ ಪಾಲಿಸಿ."

"ಪಾಲಿಸಿ ಪುಸ್ತಕದಲ್ಲಿದೆಯೋ, ನಿಮ್ಮ ಬಾಯಲ್ಲಿದೆಯೋ?"

"ಯಜಮಾನರೇ, ನಿಮಗೆ ಅರ್ಥ ಆಗಲ್ಲ."

"ಆಗೋದು ಬೇಡ. ಈಗ ಹೇಳಿದ್ರಲ್ಲ, ಅದನ್ನೇ ಬರೆದುಕೊಡಿ. ಹೊರಗೆ ಎಂಜಿನ್ ಎಣ್ಣೆ ಬದಲಿಸಿದ್ದಕ್ಕೆ ಗೇರ್‌ಬಾಕ್ಸ್ ಕೆಟ್ಟಿತು ಅಂತ ಬರೀರಿ. ಕೆಳಗೆ ಸಹಿ, ಸೀಲು. ಸೀಲು ನಿಮ್ಮ ಹತ್ರ ಧಾರಾಳವಾಗಿದೆಯಲ್ಲ!"

ಮ್ಯಾನೇಜರ್ ಪೆನ್ನು ಎತ್ತಿಕೊಳ್ಳುತ್ತಾನೆ. ಕಾಗದ ನೋಡುತ್ತಾನೆ, ಪುಸ್ತಕ ನೋಡುತ್ತಾನೆ. ಕೊನೆಗೆ ಚೀಲಗಳನ್ನೂ ನೋಡುತ್ತಾನೆ. ಪೆನ್ನು ಕೆಳಗಿಟ್ಟು ಒಳಗೆ ಹೋಗುತ್ತಾನೆ. ಹೀಗೆ ಬಾಯಿಮಾತಿಗೇ ಹೆದರಿ ವಾಪಸು ಹೋದ ಗಿರಾಕಿಗಳು ಅದೆಷ್ಟು ಜನವೋ! ಸುಳ್ಳು ನಾಲಿಗೆಯ ಮೇಲೆ ಸಲೀಸಾಗಿ ಓಡುತ್ತದೆ, ಕಾಗದಕ್ಕೆ ಮಾತ್ರ ಇಳಿಯುವುದಿಲ್ಲ.

ಮುಕ್ಕಾಲು ಗಂಟೆಯ ನಂತರ ಹೊರಬಂದವನು ಆಡುವುದು ಎರಡೇ ಮಾತು. "ಕೀ ಕೊಡಿ. ವಾರಂಟಿಯಲ್ಲೇ ಮಾಡ್ತೀವಿ." ತಪ್ಪಾಯಿತು ಎಂಬ ಮಾತಿಲ್ಲ.

ಬೀದಿಗಿಳಿದ ಮೇಲೆ ಒಡತಿ ಕಣ್ಣೊರೆಸಿಕೊಳ್ಳುತ್ತಾಳೆ. "ಗೆದ್ದುಬಿಟ್ವಿ ಮೇಸ್ತ್ರಿ!"

ಮೇಸ್ತ್ರಿ ಸಿಡಿಯುತ್ತಾರೆ. "ಏನು ಗೆದ್ದೆ ತಾಯಿ? ನಿಂದು ನಿಂಗೆ ಸಿಕ್ತು. ಅದಕ್ಕೆ ಅರ್ಧ ದಿನ ಹಾಳು, ನಿನ್ನ ಕಣ್ಣಲ್ಲಿ ನೀರು ಬೇರೆ. ಇದನ್ನ ಗೆಲುವು ಅಂತಾರಾ?"

ಶೆಡ್ಡಿಗೆ ಮರಳಿ, ಕಾಯುತ್ತಿದ್ದ ಕಾರಿನ ಬಾಗಿಲು ತೆರೆದು, ಕನ್ನಡಕ ಏರಿಸಿ, ಮೀಟರಿನ ಅಂಕಿಯನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಾರೆ. ಸ್ಪ್ಯಾನರ್ ಆಮೇಲೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ರಸ್ತೆಯ ಆಚೆ ಬದಿಯನ್ನು ನೋಡುತ್ತಾರೆ.

"ಆ ಮೇಷ್ಟ್ರು ಒಂದು ಸಲ ಈ ಬದಿಗೆ ಬರಲಿ. ಬಿಲ್ ಪುಸ್ತಕಗಳನ್ನ ಅವರ ಕೈಗೇ ಕೊಡ್ತೀನಿ. ಕೆಂಪು ಪೆನ್ನು ಹಿಡಿದೇ ನೋಡಲಿ. ಏಳು ವರ್ಷದಲ್ಲಿ ಒಂದು ಖಾನೆ ಖಾಲಿ ಇಲ್ಲ."